ಬೆಂಚುಗಳ ಗುರುತು ಅಳಿಸಿದ ವರ್ಷ

ನಮ್ಮ ಚರ್ಚಿನಲ್ಲಿ ಆರ್ಗನ್ ಇರುವುದು ಬಾಗಿಲಿನ ಮೇಲಿನ ಅಟ್ಟದಲ್ಲಿ. ಮೂವತ್ತೊಂದು ವರ್ಷದಿಂದ ಅದನ್ನು ನುಡಿಸುತ್ತಿರುವವಳು ನಾನು, ಪಿರೋಷ್ಕಾ. ಅಲ್ಲಿ ಕೂತರೆ ಕೆಳಗಿನ ಗಂಡಸರ ಬೋಳುತಲೆಗಳೂ ಹೆಂಗಸರ ತಲೆವಸ್ತ್ರಗಳೂ ಸಾಲಾಗಿ ಕಾಣುತ್ತವೆ. ಯಾರು ತೂಕಡಿಸಿದರು, ಯಾರು ಯಾರ ಮುಖ ನೋಡಲಿಲ್ಲ, ಎಲ್ಲ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ನಾಲ್ಕು ಜನ ಪಾದ್ರಿಗಳನ್ನು ಕಂಡಿದ್ದೇನೆ. ಮೊದಲನೆಯವರು ಗುಡುಗುತ್ತಿದ್ದರು. ಎರಡನೆಯವರು ಅಳುತ್ತಿದ್ದರು. ಮೂರನೆಯವರು ಒಂದೇ ವರ್ಷಕ್ಕೆ ದೊಡ್ಡ ಪಟ್ಟಣ ಕೊಲೋಜ್ವಾರ್‌ಗೆ ವರ್ಗ ಮಾಡಿಸಿಕೊಂಡು ಗಂಟುಮೂಟೆ ಕಟ್ಟಿದರು. ನಾಲ್ಕನೆಯವರು ಗೆದೆಯೋನ್ ಅಯ್ಯನವರು. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಜೊತೆಗೆ ನನ್ನ ವಿಷಯವೂ ಬರುತ್ತದೆ, ತಪ್ಪಿಸಲು ಆಗುವುದಿಲ್ಲ. ಆ ವರ್ಷದ ಜಗಳಕ್ಕೆ ಕಾರಣ ನಾನೇ.

ಅಯ್ಯನವರು ಉದ್ದನೆಯ ಆಳು, ನಿಧಾನ ನಡಿಗೆ. ನಲವತ್ತನೆಯ ವಯಸ್ಸಿಗೆ ಹೆಂಡತಿಯನ್ನು ಕರೆದುಕೊಂಡು ನಮ್ಮೂರಿಗೆ ಬಂದರು. ಬಂದ ಮೊದಲ ತಿಂಗಳಲ್ಲೇ ಅವರ ಒಂದು ಅಭ್ಯಾಸ ಊರಿಗೆಲ್ಲ ಗೊತ್ತಾಯಿತು. ಯಾರಾದರೂ ದೂರು ಹೊತ್ತು ಬಂದರೆ ಮೊದಲು ಕುರ್ಚಿ ಕೊಡುತ್ತಿದ್ದರು, ಆಮೇಲೆ ಮಕ್ಕಳ ನೋಟ್‌ಬುಕ್ಕಿನಂಥದ್ದೊಂದನ್ನು ತೆಗೆದು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಬರೆದಾದ ಮೇಲೆ ಗಟ್ಟಿಯಾಗಿ ಓದಿ, "ನೀವು ಹೇಳಿದ್ದು ಇದೇ ತಾನೆ?" ಎಂದು ಕೇಳುತ್ತಿದ್ದರು. ಬಂದವರು ತಮ್ಮದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಮುಜುಗರಪಟ್ಟು, "ಆ ಒಂದು ಮಾತು ಹೊಡೆದುಹಾಕಿ ಅಯ್ಯನೋರೇ" ಎನ್ನುತ್ತಿದ್ದರು. ಮೂರು ಸಲ ಓದುವಷ್ಟರಲ್ಲಿ ಒಂದು ಪುಟದ ದೂರು ನಾಲ್ಕು ಸಾಲಿಗೆ ಇಳಿದಿರುತ್ತಿತ್ತು. ಉತ್ತರವನ್ನು ಮಾತ್ರ ಅದೇ ದಿನ ಕೊಡುತ್ತಿರಲಿಲ್ಲ. "ಗುರುವಾರ ಮನೆಗೆ ಬರ್ತೀನಿ" ಎನ್ನುತ್ತಿದ್ದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಈ ಮನುಷ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪಾದ್ರಿಯಾದವನು ಇದು ಸರಿ, ಇದು ತಪ್ಪು ಅಂತ ಮುಖದ ಮೇಲೆ ಹೇಳಬೇಕು ಎನ್ನುವುದು ನನ್ನ ಎಣಿಕೆ.

ಅವರು ಬಂದ ಆರನೆಯ ವರ್ಷ ಚರ್ಚಿನ ನೆಲಹಲಗೆ ಹುಳು ಹಿಡಿದು ಪುಡಿಯಾಗಿತ್ತು. ಹೊಸದು ಹಾಕಿಸಲು ಬೆಂಚುಗಳನ್ನೆಲ್ಲ ಕಿತ್ತು ಪಾದ್ರಿಮನೆಯ ಕೊಟ್ಟಿಗೆಗೆ ಸಾಗಿಸಿದರು. ನಮ್ಮಲ್ಲಿ ಬೆಂಚು ಎಂದರೆ ಬರೀ ಬೆಂಚಲ್ಲ. ಒಂದೊಂದು ಮನೆತನಕ್ಕೂ ಒಂದೊಂದು, ಮುತ್ತಜ್ಜನ ಕಾಲದಲ್ಲಿ ಅವರವರ ಕಾಡಿನ ಓಕ್ ಮರ ಕಡಿದು ಮಾಡಿಸಿದ್ದು. ಮದುವೆಯಾದ ಹೆಣ್ಣನ್ನು ಮೊದಲ ಭಾನುವಾರ ಅತ್ತೆ ಕೈಹಿಡಿದು ಕರೆತಂದು ಗಂಡನ ಮನೆಯ ಬೆಂಚಿನಲ್ಲಿ ಕೂರಿಸುತ್ತಾಳೆ, ಅಲ್ಲಿಂದ ಅವಳು ಏಳುವುದು ಶವಪೆಟ್ಟಿಗೆಯಲ್ಲೇ. ಗೊಂದಲ ಆಗದಿರಲಿ ಎಂದು ಚರ್ಚಿನ ಸಭೆಯ ಹಿರಿಯರ ಮುಖ್ಯಸ್ಥ ಕೆಲೆಮೆನ್ ತಾನೇ ಬಗ್ಗಿ ಪ್ರತಿ ಬೆಂಚಿನ ಅಡಿಗೂ ಸೀಮೆಸುಣ್ಣದಲ್ಲಿ ಮನೆತನದ ಹೆಸರು ಬರೆದಿದ್ದ. ಪಕ್ಕದೂರಿನ ರೊಮೇನಿಯನ್ ಬಡಗಿ ಬೆಂಚುಗಳ ಮೇಲ್ಭಾಗ ಹೆರೆದು ಬಣ್ಣ ಹಚ್ಚಿ ಎಲ್ಲವನ್ನೂ ಒಂದೇ ಥರ ಹೊಳೆಯುವಂತೆ ಮಾಡಿಟ್ಟ.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಎರಡು ದಿನ ಇತ್ತು. ಕೊಟ್ಟಿಗೆಗೆ ಹೋಗಿ ನೋಡಿದರೆ ಬೆಂಚುಗಳ ಅಡಿಯಲ್ಲಿ ಜೇಡರಬಲೆ, ಕೋಳಿ ಹಿಕ್ಕೆ. ದೇವರ ಮನೆಗೆ ಇದನ್ನು ಹೊತ್ತೊಯ್ಯುವುದೇ ಎಂದು ನನಗೆ ರೋಷ ಉಕ್ಕಿತು. ಬಿಸಿನೀರಿಗೆ ವಾಷಿಂಗ್ ಸೋಡಾ ಸುರಿದು, ಗಡಸು ಬ್ರಷ್ ಹಿಡಿದು, ಇಪ್ಪತ್ತೆರಡು ಬೆಂಚುಗಳ ಅಡಿಯನ್ನೂ ಒಬ್ಬಳೇ ತಿಕ್ಕಿದೆ. ಬಕೆಟ್ಟಿನ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಕೊಳೆಯ ಅಡಿ ಅಕ್ಷರ ಕಾಣಿಸಿರಲಿಲ್ಲ, ಬಡಗಿಯ ಅಳತೆಯ ಗುರುತು ಇರಬೇಕೆಂದುಕೊಂಡೆ. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಎಲ್ಲರೂ ನೋಡಿ ತಾವಾಗಿಯೇ ಹೊಗಳಲಿ ಎನ್ನುವ ಆಸೆ ನನಗೆ.

ಶನಿವಾರ ಗಂಡಸರು ಬೆಂಚು ಹೊತ್ತು ತಂದು ತಿರುಗಿಸಿ ನೋಡಿದರೆ ಒಂದರಲ್ಲೂ ಹೆಸರಿಲ್ಲ. ಕೆಲೆಮೆನ್ ಅಂದಾಜಿನ ಮೇಲೆ ಜೋಡಿಸಿದ. ಭಾನುವಾರ ಬೆಳಿಗ್ಗೆ ಅವನ ಹೆಂಡತಿ ರೊಜಾಲಿಯಾ ತನ್ನ ಜಾಗದಲ್ಲಿ ಕೂತಳು. ಅವಳ ಸ್ವಂತ ಅಕ್ಕ ವಿಲ್ಮಾ, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಹಿಂದಿನ ಸಾಲಿನಲ್ಲಿ ಕೂತು ಹಲಗೆ ಸವರಿ ನೋಡಿದಳು. ಎದ್ದು ಮುಂದಿನ ಸಾಲಿಗೆ ಬಂದು ತಂಗಿಯ ತೊಡೆಯ ಪಕ್ಕ ಹಲಗೆ ಸವರಿದಳು.

"ಏಳೇ ರೊಜಾಲಿ. ಇದು ನನ್ನ ಬೆಂಚು. ಈ ಮರದ ಗಂಟು ನನ್ನ ಬೆರಳಿಗೆ ಗೊತ್ತು. ನಮ್ಮತ್ತೆ ನನ್ನ ಕೂರಿಸಿದ್ದು ಇಲ್ಲೇ."

"ನಿನ್ನ ಬೆರಳಿಗೆ ಮಂಕು ಬಡಿದಿದೆ ಅಕ್ಕ. ಹದಿನೆಂಟು ವರ್ಷದಿಂದ ಪ್ರಸಂಗ ಮುಗಿಯೋವರೆಗೂ ಈ ಗಂಟನ್ನೇ ಸವರ್ಕೊಂಡು ಕೂತಿದೀನಿ ನಾನು."

"ಹೆಸರು ಬರೆದವನೂ ನಿನ್ನ ಗಂಡ, ಜೋಡಿಸಿದವನೂ ನಿನ್ನ ಗಂಡ. ಅಳಿಸಿದವನು ಯಾರು ಅಂತ ನಾನು ಹೇಳಬೇಕಾ? ಕಳ್ಳ!"

ನಾನು ಅಟ್ಟದ ಮೇಲೆ ಎರಡೂ ಕೈ ಕೀಲಿಗಳ ಮೇಲಿಟ್ಟು ಕಲ್ಲಾಗಿ ಕೂತಿದ್ದೆ. ಆ ಕ್ಷಣ ಎದ್ದು, "ನಾನು ತೊಳೆದದ್ದು" ಎಂದಿದ್ದರೆ ನಾಲ್ಕು ಬೈಗುಳ ತಿಂದು ಮುಗಿಯುತ್ತಿತ್ತು. ಹೇಳಲಿಲ್ಲ. ಮುಂದಿನ ವಾರ ಹೇಳೋಣವೆಂದರೆ ಒಂದು ವಾರ ಸುಮ್ಮನಿದ್ದ ನಾಚಿಕೆ. ತಿಂಗಳಾದ ಮೇಲೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು.

ವಿಲ್ಮಾ ಕೆಳಬೀದಿಯವಳು, ಕೆಲೆಮೆನ್ ಮೇಲ್ಬೀದಿಯವನು. ನಮ್ಮೂರಿನಲ್ಲಿ ಜಗಳಕ್ಕೆ ಅಷ್ಟು ಸಾಕು. ಈಸ್ಟರ್ ಹೊತ್ತಿಗೆ ಪ್ರತಿ ಬೆಂಚಿನ ಮೇಲೂ ಒಂದೊಂದು ವ್ಯಾಜ್ಯ ಎದ್ದಿತ್ತು. ಕೆಳಬೀದಿಯವರು ಕೆಲೆಮೆನ್ ಅಂಗಡಿಗೆ ಹೋಗುವುದು ಬಿಟ್ಟರು. ಮೇಲ್ಬೀದಿಯ ಹೆಂಗಸರು ಬಾವಿಕಟ್ಟೆಗೆ ಬೇರೆ ಹೊತ್ತಿನಲ್ಲಿ ಬರತೊಡಗಿದರು. ಅಕ್ಕತಂಗಿಯರ ನಡುವೆ ಮಾತು ನಿಂತೇಹೋಯಿತು.

ಹಿರಿಯರ ಸಭೆಯಲ್ಲಿ ಅಯ್ಯನವರು ಮಾಡಿದ್ದು ಒಂದೇ. ಎದ್ದು ನಿಂತು, "ಕೆಲೆಮೆನ್ ಅಣ್ಣ ಅಳಿಸಿಲ್ಲ. ಈ ಮಾತಿಗೆ ನಾನು ಹೊಣೆ" ಎಂದರು.

"ಹಾಗಾದ್ರೆ ಯಾರು ಅಳಿಸಿದ್ದು?" ಎಂದು ನಾಲ್ಕೈದು ಗಂಟಲು ಒಟ್ಟಿಗೆ ಕೇಳಿದವು.

"ಅದು ಗೊತ್ತಾದ್ರೆ ಬೆಂಚಿನ ವಿಷಯ ತೀರುತ್ತಾ?"

ಚೀಟಿ ಎತ್ತೋಣ ಎಂದರು ಕೆಲವರು. ಅಯ್ಯನವರು ತಲೆಯಾಡಿಸಿದರು. "ಚೀಟಿ ಎತ್ತಿದ್ರೆ ಬೆಂಚು ಒಬ್ಬರಿಗೆ ಸಿಗುತ್ತೆ. ತಂಗಿ ಯಾರಿಗೂ ಸಿಗಲ್ಲ."

ಅಷ್ಟಾದರೂ ಪ್ರಸಂಗಪೀಠದಿಂದ ಜಗಳದ ಬಗ್ಗೆ ಒಂದಕ್ಷರ ಆಡಲಿಲ್ಲ. ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದೇ ಆಗಿದ್ದರೂ ಬೇರೆಯವರಿಗೆ ಬೈಗುಳ ಬೀಳಲಿ ಎಂದು ಕಾಯುತ್ತಿದ್ದೆ, ನೋಡಿ ನನ್ನ ಬುದ್ಧಿ. ಒಂದು ಭಾನುವಾರ ಅಟ್ಟದಿಂದ ಇಳಿದವಳೇ ಕೇಳಿದೆ.

"ಅಷ್ಟು ಎತ್ತರದ ಪೀಠ ಇಟ್ಕೊಂಡು ಏನು ಮಾಡ್ತೀರಿ ಅಯ್ಯನೋರೇ? ನಾಲ್ಕು ಬಿಗಿಯಬಾರದಾ?"

"ಅಲ್ಲಿಂದ ನಾನು ಮಾತಾಡಿದ್ರೆ ಯಾರೂ ತಿರುಗಿ ಮಾತಾಡೋ ಹಾಗಿಲ್ಲ ಪಿರೋಷ್ಕಾ ಅಕ್ಕ. ಕೈ ಕಟ್ಟಿ ಹಾಕಿ ಹೊಡೆದ ಹಾಗೆ ಆಗುತ್ತೆ" ಎಂದು ನಿಲುವಂಗಿ ಕಳಚಿ ಮೊಳೆಗೆ ಹಾಕಿದರು.

ಪೀಠದಿಂದ ಹೇಳದೆ ಇದ್ದದ್ದನ್ನು ಅವರು ಹೊಲದಲ್ಲಿ ಹೇಳಲು ಹೋದರೆಂದು ನೀವು ಅಂದುಕೊಂಡರೆ, ಅಲ್ಲಿಯೂ ಹೇಳಲಿಲ್ಲ. ಜುಲೈನಲ್ಲಿ ಹುಲ್ಲು ಕೊಯ್ಯುವಾಗ ಒಂದು ದಿನ ಮೇಲ್ಬೀದಿಯವರ ಜೊತೆ, ಇನ್ನೊಂದು ದಿನ ಕೆಳಬೀದಿಯವರ ಜೊತೆ ಕುಡುಗೋಲು ಹಿಡಿದರು. ಮಧ್ಯಾಹ್ನ ಅವರ ಜೊತೆಯಲ್ಲೇ ಮೆಕ್ಕೆಜೋಳದ ಮುದ್ದೆ, ಕುರಿಹಾಲಿನ ಗಿಣ್ಣು ತಿಂದರು. ಯಾರಾದರೂ ಬೆಂಚಿನ ಮಾತೆತ್ತಿದರೆ ಕೇಳಿಸಿಕೊಂಡರು. ನೋಟ್‌ಬುಕ್ಕಿನಲ್ಲಿ ಬರೆದು, ಓದಿ ತೋರಿಸಿ, ಗುರುವಾರ ಹೋದರು. ಅಯ್ಯನವರು ಕೆಳಬೀದಿಯ ಪರ ಎಂದು ಮೇಲ್ಬೀದಿಯವರು ಹೇಳಿದರು. ಕೆಳಬೀದಿಯವರು ಮೇಲ್ಬೀದಿಯ ಪರ ಎಂದರು.

ಇದಕ್ಕಿಂತ ಮೊದಲು, ಈಸ್ಟರ್ ಆಗಿ ಐವತ್ತನೆಯ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬದಲ್ಲಿ ಆದದ್ದನ್ನು ಹೇಳಬೇಕು. ನಮ್ಮಲ್ಲಿ ಮನಸ್ತಾಪ ಇಟ್ಟುಕೊಂಡವರು ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಮೇಜಿಗೆ ಬರುವುದಿಲ್ಲ. ಯಾರೂ ತಡೆಯುವುದಿಲ್ಲ, ತಾವೇ ಬರುವುದಿಲ್ಲ. ಆ ಹಬ್ಬದ ದಿನ ಅಯ್ಯನವರು ನೂರ ನಲವತ್ತು ಜನಕ್ಕಾಗುವಷ್ಟು ರೊಟ್ಟಿ ಹೆಚ್ಚಿಟ್ಟು ಮೇಜಿನ ಹಿಂದೆ ನಿಂತರು. ಬಂದವರು ಒಂಬತ್ತು ಜನ. ಉಳಿದ ರೊಟ್ಟಿಯನ್ನು ಬಿಳಿಬಟ್ಟೆಯಲ್ಲಿ ಸುತ್ತುವಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕಲ್ಲೆದೆಯವನಪ್ಪ ಈ ಮನುಷ್ಯ ಎಂದುಕೊಂಡೆ.

ಅದಾದ ವಾರವೇ ಕೆಲೆಮೆನ್ ಜಿಲ್ಲೆಯ ಹಿರಿಯ ಪಾದ್ರಿಗೆ ಪತ್ರ ಬರೆದ. ನಮ್ಮ ಅಯ್ಯನವರಿಗೆ ತೀರ್ಮಾನ ಹೇಳುವ ಗಂಡೆದೆ ಇಲ್ಲ, ಬೇರೆಯವರನ್ನು ಕಳಿಸಿ ಎಂದು. ಉತ್ತರ ಬಂದದ್ದು ಆಗಸ್ಟ್ ಮೊದಲ ವಾರ. ಹೊಸ ಗೋಧಿಯ ರೊಟ್ಟಿಯ ಭಾನುವಾರ, ಅಂದರೆ ಆಗಸ್ಟಿನ ಕೊನೆಯ ಭಾನುವಾರ, ಮೇಜು ಮತ್ತೆ ಖಾಲಿ ಉಳಿದರೆ ಸೋಮವಾರ ತಾವೇ ಬಂದು ಗೆದೆಯೋನರನ್ನು ಬೇರೆ ಊರಿನ ಸಭೆಗೆ ಕಳಿಸುವುದಾಗಿ ಬರೆದಿದ್ದರು. ಆ ಪತ್ರವನ್ನು ಅಯ್ಯನವರೇ ಹಿರಿಯರ ಮುಂದೆ ಓದಿ, ಮಡಚಿ, ಕೆಲೆಮೆನ್ ಕೈಗೆ ಕೊಟ್ಟು, "ಫೈಲಿಗೆ ಹಾಕಿ ಅಣ್ಣ" ಎಂದರಂತೆ.

ಅದನ್ನು ಕೇಳಿ ನನಗೆ ಅನ್ನನೀರು ಸೇರದಾಯಿತು. ಮಾರನೆಯ ಮಧ್ಯಾಹ್ನ ಪಾದ್ರಿಮನೆಗೆ ಹೋದೆ. ಅಯ್ಯನವರು ಹಿತ್ತಿಲಲ್ಲಿ ಅಂಗಿ ಬಿಚ್ಚಿ ಸೌದೆ ಒಡೆಯುತ್ತಿದ್ದರು. ಒಡೆದ ಸೌದೆ ಕೊಟ್ಟಿಗೆಯ ಸೂರು ಮುಟ್ಟಿ, ಬೇಲಿಯುದ್ದಕ್ಕೂ ಹರಡಿ, ಕೋಳಿಗೂಡನ್ನೇ ಮುಚ್ಚಿಹಾಕಿತ್ತು.

"ಇಷ್ಟೊಂದು ಸೌದೆನಾ? ಮೂರು ಚಳಿಗಾಲಕ್ಕೆ ಸಾಕಲ್ಲ!"

"ನಾಲ್ಕಕ್ಕೆ" ಎಂದು ಅವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕೂಗಿ ಹೇಳಿದರು. "ಕೆಲೆಮೆನ್ ಬಂದು ಹೋದ ದಿನ ಒಂದು ಗಾಡಿ ಜಾಸ್ತಿ. ನೀವು ಬಂದು ಹೋದ ದಿನ ಅರ್ಧ ಗಾಡಿ."

ನಗಬೇಕೆನಿಸಿತು, ಅಳು ಬಂತು. ಅಲ್ಲೇ ದಿಮ್ಮಿಯ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಬಕೆಟ್ಟು, ಬ್ರಷ್ಷು, ಬೆಳ್ಳಗಾದ ನೀರು, ಎಲ್ಲವನ್ನೂ. ಅಯ್ಯನವರು ಕೊಡಲಿಯನ್ನು ಒರಗಿಸಿಟ್ಟು ಎದುರಿಗೆ ಕೂತರು.

"ಆ ವಾರ ನಿಮ್ಮ ಬೆರಳೆಲ್ಲ ಒಡೆದಿದ್ದವು" ಎಂದರು. "ನುಡಿಸುವಾಗ ಕೆಳಗಿನ ಸ್ವರ ಬಿಟ್ಟುಬಿಟ್ಟು ನುಡಿಸ್ತಿದ್ರಿ. ಸೋಡಾ ನೀರು ಅಂತ ಅಂದುಕೊಂಡೆ. ಖಾತ್ರಿ ಇರಲಿಲ್ಲ."

"ಗೊತ್ತಿತ್ತಾ? ನಾಲ್ಕು ತಿಂಗಳು ಗೊತ್ತಿದ್ದೂ ಬಾಯಿ ಬಿಡಲಿಲ್ವಾ? ನನ್ನ ಹೆಸರು ಹೇಳಿದ್ರೆ ಅವತ್ತೇ ಎರಡೂ ಬೀದಿ ಒಂದಾಗ್ತಿತ್ತು!"

"ಆಗ್ತಿತ್ತು. ನಿಮ್ಮ ವಿರುದ್ಧ" ಎಂದರು ಅಯ್ಯನವರು. "ಒಬ್ಬರನ್ನ ಹಿಡಿದು ಕೊಟ್ರೆ ಊರು ತಕ್ಷಣ ಒಂದಾಗುತ್ತೆ ಅಕ್ಕ. ಅದಕ್ಕೆ ಸಮಾಧಾನ ಅಂತ ಹೆಸರಿಡೋಕೆ ನನಗೆ ಮನಸ್ಸು ಬರಲಿಲ್ಲ. ಅದೂ ಅಲ್ಲದೆ, ಅವರ ಕೋಪ ಆಗ ಕುದೀತಿತ್ತು. ಈಗ ಎಷ್ಟೋ ಇಳಿದಿದೆ. ನಾಲ್ಕು ಸಾಲಿಗೆ ಬಂದಿದೆ."

"ಈಗ ನಾನೇನು ಮಾಡಲಿ?"

"ಅದನ್ನ ನಾನು ಹೇಳಲ್ಲ."

"ಹೇಳದೆ ಇದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ."

"ಕಳಿಸಬಹುದು. ನಾನು ಉಳೀಲಿ ಅಂತ ಮಾತ್ರ ಹೇಳೋದಾದ್ರೆ ಬೇಡ" ಎಂದು ನನಗೊಂದು ಲೋಟ ನೀರು ತಂದುಕೊಟ್ಟರು.

ಅಂದು ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಇನ್ನೆಂದೂ ಬಂದಿಲ್ಲ. ಆದರೆ ಮನೆಗೆ ನಡೆದುಕೊಂಡು ಬರುವಾಗ, ಈ ಮನುಷ್ಯ ನಮ್ಮೂರು ಬಿಟ್ಟು ಹೋದರೆ ನನಗೆ ತುಂಬಾ ದುಃಖವಾಗುತ್ತದೆ ಎಂಬುದೂ ತಿಳಿಯಿತು.

ಕರ್ತನ ಮೇಜಿನ ಭೋಜನದ ಹಿಂದಿನ ವಾರವೆಲ್ಲ ನಮ್ಮಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಸಭೆಗೆ ತಪ್ಪು ಮಾಡಿದವರು ಶನಿವಾರದ ಆರಾಧನೆಯಲ್ಲಿ ಕರ್ತನ ಮೇಜಿನ ಮುಂದೆ ಒಬ್ಬರೇ ನಿಂತು ಕ್ಷಮೆ ಕೇಳುತ್ತಿದ್ದರು. ಪಾದ್ರಿ ಮೇಜಿನ ಹಿಂದೆ ನಿಲ್ಲಬೇಕು, ಹಿರಿಯರ ಮುಖ್ಯಸ್ಥ ಸಭೆಯ ಪರವಾಗಿ ಉತ್ತರ ಕೊಡಬೇಕು. ಹಾಗೆ ಯಾರೂ ನಿಂತು ಮೂವತ್ತು ವರ್ಷದ ಮೇಲಾಗಿತ್ತು. ಹೊಸ ರೊಟ್ಟಿಯ ಭಾನುವಾರದ ಹಿಂದಿನ ಆ ಶನಿವಾರ ಮಧ್ಯಾಹ್ನ ಮೊದಲ ಕೀರ್ತನೆ ನುಡಿಸಿ ಮುಗಿಸಿ ನಾನು ಅಟ್ಟದ ಮೆಟ್ಟಿಲು ಇಳಿದೆ. ಮೇಜಿನ ಮುಂದೆ ನಿಂತು ಹೇಳಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ಬೆಂಚು ತೊಳೆದವಳು ನಾನು, ಹೆಸರು ಅಳಿಸಿದವಳು ನಾನು, ಕೆಲೆಮೆನ್‌ನ ಕಳ್ಳ ಅಂತ ಬೈಯೋವಾಗ ಮೇಲೆ ಕೂತು ಕೇಳಿಸಿಕೊಂಡವಳೂ ನಾನು" ಎಂದದ್ದು ನೆನಪಿದೆ.

ಕೆಳಬೀದಿಯ ಯಾರೋ, "ಐದು ತಿಂಗಳು ಮಜಾ ತಗೊಂಡ್ಯೇನೇ ಮುದುಕಿ?" ಎಂದರು. ಇನ್ಯಾರೋ ಇನ್ನೇನೋ ಅಂದರು.

ಆಗ ಅಯ್ಯನವರು ಮೇಜನ್ನು ಸುತ್ತಿ ಈಚೆ ಬಂದರು. ಪಾದ್ರಿ ಹಾಗೆ ಬರುವ ಪದ್ಧತಿಯೇ ಇಲ್ಲ. ಬಂದು ನನ್ನ ಪಕ್ಕದಲ್ಲಿ ಸಭೆಯ ಕಡೆ ಮುಖ ಮಾಡಿ ನಿಂತರು.

"ನನಗೆ ಅನುಮಾನ ಇತ್ತು. ನಾನೂ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಅನ್ನೋದಕ್ಕೆ ನನ್ನ ಹತ್ರ ಕಾರಣ ಇದೆ. ಆದ್ರೆ ಆ ಐದು ತಿಂಗಳು ಕೆಲೆಮೆನ್ ಅಣ್ಣ ಸಹಿಸಿದ್ದಕ್ಕೆ ಆ ಕಾರಣ ಸಾಕಾಗಲ್ಲ. ಅಣ್ಣ, ನನ್ನನ್ನೂ ಕ್ಷಮಿಸಬೇಕು."

ಕೆಲೆಮೆನ್ ಎದ್ದು ನಿಂತ. ಮುಖ ಬೀಟ್‌ರೂಟಿನ ಹಾಗೆ ಕೆಂಪು. ಟೋಪಿಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದ. ಅಯ್ಯನವರನ್ನು ಓಡಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ಆಯುಧ ಬೇಕಿರಲಿಲ್ಲ. ಎಲ್ಲರಿಗೂ ಅದು ಗೊತ್ತಿತ್ತು.

"ನಿಮ್ಮ ಹಾಗೆ ಗುರುವಾರ ಹೇಳ್ತೀನಿ ಅನ್ನೋಣ ಅಂದ್ರೆ ನಾಳೇನೇ ಭಾನುವಾರ" ಎಂದ ಕೊನೆಗೆ. ಯಾರೋ ಕಿಸಕ್ಕನೆ ನಕ್ಕರು. "ಸಭೆ ಕ್ಷಮಿಸಿದೆ. ನಾನು ಇನ್ನೂ ಇಲ್ಲ. ಪಿರೋಷ್ಕಾನ ನೋಡಿದ್ರೆ ಮೈ ಉರಿಯುತ್ತೆ. ಆದ್ರೂ ನಾಳೆ ಮೇಜಿಗೆ ಬರ್ತೀನಿ, ಕ್ಷಮಿಸೋಕೆ ಸ್ವಲ್ಪ ಟೈಮ್ ಕೊಡಿ."

ಅಷ್ಟರಲ್ಲಿ ವಿಲ್ಮಾ ಎದ್ದು ಹೊರಟುಹೋದಳು, ಬಾಗಿಲು ದಢಾರನೆ ಬಡಿಯಿತು. ನನಗೆ ಅರ್ಥವಾಯಿತು. ತಂಗಿಯ ಗಂಡನನ್ನು ಕಳ್ಳ ಎಂದಿದ್ದಳು, ತಂಗಿಯನ್ನು ಬಾವಿಕಟ್ಟೆಯಲ್ಲಿ ಕಳ್ಳನ ಹೆಂಡತಿ ಎಂದಿದ್ದಳು. ಈಗ ಆ ಮಾತುಗಳನ್ನು ಇಟ್ಟುಕೊಳ್ಳಲು ಅವಳಿಗೆ ಜಾಗವಿರಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ವಿಲ್ಮಾ ತಡವಾಗಿ ಬಂದು, ತನ್ನ ಸಾಲಿಗೆ ಹೋಗದೆ, ಬಾಗಿಲ ಬಳಿ ಪರಸ್ಥಳದವರಿಗೆಂದು ಇಟ್ಟ ಬೆಂಚಿನ ತುದಿಯಲ್ಲಿ ಕೂತಳು. ಮೇಜಿಗೆ ಮೊದಲು ಗಂಡಸರು ಬಂದರು, ವಯಸ್ಸಿನ ಪ್ರಕಾರ ಹಿರಿಯರು ಮುಂದೆ. ಕೆಲೆಮೆನ್ ಕೂಡ ಬಂದ, ನೆಲ ನೋಡುತ್ತಲೇ ರೊಟ್ಟಿ ತೆಗೆದುಕೊಂಡ. ಆಮೇಲೆ ಹೆಂಗಸರು, ಅವರೂ ವಯಸ್ಸಿನ ಪ್ರಕಾರ. ಮುದುಕಿಯರ ಸಾಲು ಮುಗಿದು ರೊಜಾಲಿಯಾಳ ಸರದಿ ಬಂತು.

ಅವಳು ಮೇಜಿಗೆ ಎರಡು ಹೆಜ್ಜೆ ಇರುವಾಗ ನಿಂತುಬಿಟ್ಟಳು. ಅಕ್ಕ ಇನ್ನೂ ಬಂದಿಲ್ಲ. ಅಕ್ಕನಿಗಿಂತ ಮುಂಚೆ ತಂಗಿ ರೊಟ್ಟಿ ಮುಟ್ಟುವುದು ನಮ್ಮಲ್ಲಿಲ್ಲ. ಅವಳು ತಿರುಗಿ ನೋಡಲಿಲ್ಲ, ಕರೆಯಲಿಲ್ಲ, ಸುಮ್ಮನೆ ನಿಂತಳು. ಅವಳ ಹಿಂದೆ ಅವಳಿಗಿಂತ ಚಿಕ್ಕವರಾದ ನಲವತ್ತು ಹೆಂಗಸರೂ ನಿಂತರು.

ನನ್ನ ಕೀರ್ತನೆ ಮುಗಿಯಿತು. ಮೇಜಿನ ಬಳಿ ಜನ ಇರುವವರೆಗೆ ಆರ್ಗನ್ ನಿಲ್ಲುವಂತಿಲ್ಲ, ಮೊದಲಿಂದ ಶುರು ಮಾಡಿದೆ. ಅಯ್ಯನವರು ರೊಟ್ಟಿಯ ತುಂಡು ಹಿಡಿದು ನಿಂತಿದ್ದಾರೆ. ಬಾಗಿಲ ಕಡೆ ನೋಡುತ್ತಿಲ್ಲ. ರೊಜಾಲಿಯಾಗೆ ಮುಂದೆ ಬಾ ಎಂದು ಸನ್ನೆಯನ್ನೂ ಮಾಡುತ್ತಿಲ್ಲ. ಎರಡನೆಯ ಸಲವೂ ಮುಗಿಯಿತು. ಗಂಡಸರು ಕೆಮ್ಮತೊಡಗಿದರು. ಏನಾದರೂ ಮಾಡು ಮಾರಾಯ, ಒಂದು ಮಾತಾಡು ಎಂದು ನನ್ನ ಮನಸ್ಸು ಬೊಬ್ಬೆ ಹೊಡೆಯುತ್ತಿತ್ತು. ಮೂರನೆಯ ಸಲ ಮುಗಿಯಿತು. ನಾಲ್ಕನೆಯ ಸಲ ಶುರು ಮಾಡುವಾಗ ನನ್ನ ಬೆರಳು ನೋಯುತ್ತಿದ್ದವು. ಆದರೆ ನಿಲ್ಲಿಸಿದರೆ ಎಲ್ಲ ಮುರಿದುಬೀಳುತ್ತದೆಂದು ಗೊತ್ತಿತ್ತು. ಅವರು ಕಾಯುವುದಾದರೆ ನಾನೂ ಕಾಯಬೇಕಿತ್ತು.

ಅಟ್ಟದ ಕೆಳಗೆ ಬೆಂಚು ಕಿರ್ ಎಂದಿತು. ವಿಲ್ಮಾಳ ಕಪ್ಪು ತಲೆವಸ್ತ್ರ ನಡುದಾರಿಯಲ್ಲಿ ಕಾಣಿಸಿತು. ಉದ್ದಕ್ಕೂ ನಡೆದು, ನಲವತ್ತು ಹೆಂಗಸರನ್ನು ದಾಟಿ, ತಂಗಿಯ ಮುಂದೆ ಬಂದು ನಿಂತಳು. ಅವಳ ಬೆನ್ನ ಮೇಲೆ ರೊಜಾಲಿಯಾ ಕೈಯಿಟ್ಟಳು, ಅಷ್ಟೇ. ಇಬ್ಬರೂ ರೊಟ್ಟಿ ತಿಂದು, ದ್ರಾಕ್ಷಾರಸ ಕುಡಿದು, ಆ ಗಂಟಿನ ಬೆಂಚಿಗೆ ಹೋಗಿ ಒಬ್ಬೊಬ್ಬರು ಒಂದೊಂದು ತುದಿಯಲ್ಲಿ ಕೂತರು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು. ಅದು ಯಾರ ಬೆಂಚೆಂದು ಇನ್ನೂ ತೀರ್ಮಾನವಾಗಿಲ್ಲ.

ಆರ್ಗನ್ ನುಡಿಸುವವಳು ಎಲ್ಲರಿಗಿಂತ ಕೊನೆಗೆ ಮೇಜಿಗೆ ಹೋಗುವುದು. ನಾನು ಇಳಿದು ಹೋದಾಗ ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಿತ್ತು. ಅಯ್ಯನವರು ಅದನ್ನು ಎತ್ತಿದರು. ಪುಡಿ ಬಟ್ಟೆಯ ಮೇಲೆ ಉದುರುವಷ್ಟು ಬಿಗಿಯಾಗಿ ಹಿಡಿದಿದ್ದರು. ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು.

"ಎಷ್ಟು ಸಲ ನುಡಿಸಿದ್ರಿ?" ಎಂದು ನನಗಷ್ಟೇ ಕೇಳುವಂತೆ ಕೇಳಿದರು.

"ನಾಲ್ಕು."

"ಒಂಬತ್ತು ಸಲದವರೆಗೆ ಕಾಯೋಣ ಅಂತಿದ್ದೆ" ಎಂದು ನನ್ನ ಕೈಗೆ ರೊಟ್ಟಿ ಕೊಟ್ಟರು. "ಆಮೇಲೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ ಅಕ್ಕ."